ಅಕ್ಕನಿಗೊಂದು ಪ್ರಶ್ನೆ: ಕರೆಂಟ್ ಹೋದಾಗ ಆದ ಗೆಳೆತನ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ. ಗೇಮ್ ಮತ್ತು ಗೆಳೆತನ. ಮೂರನ್ನೂ ಒಟ್ಟಿಗೆ ಇಟ್ಟಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದನ್ನು ಓದಿದ ದಿನ ನನ್ನ ಹಳೆಯ ಅಂಗಡಿ ತುಂಬಾ ನೆನಪಾಯಿತು.

ಪ್ರಶ್ನೆ: ಅಕ್ಕಾ, ನನಗೆ 25 ವರ್ಷ. ಊರು ಮೊಳಕಾಲ್ಮೂರು ಕಡೆ. ಎರಡು ವರ್ಷದಿಂದ ದಾವಣಗೆರೆಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ನಿಟುವಳ್ಳಿಯಲ್ಲಿ ರೂಮು. ಕಾಲೇಜಿನ ಗೆಳೆಯರೆಲ್ಲ ಬೆಂಗಳೂರು ಸೇರಿದರು. ರಾತ್ರಿ ಊಟ ಆದ ಮೇಲೆ ಒಂಬತ್ತೂವರೆಯಿಂದ ಹನ್ನೆರಡೂವರೆ ತನಕ ಫೋನಿನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್ ಆಡುತ್ತೇನೆ. ಅದು ಬಿಟ್ಟು ಬೇರೆ ಹವ್ಯಾಸ ಇಲ್ಲ, ಬೇಕು ಅಂತಲೂ ಅನಿಸಿಲ್ಲ. ಆಫೀಸಿನಲ್ಲಿ ಕ್ರಿಕೆಟ್, ಸೈಟು, ಮದುವೆ ಇಷ್ಟೇ ಮಾತು. ಗೇಮ್ ಆಡುತ್ತೇನೆ ಅಂದರೆ 'ಇನ್ನೂ ಚಿಕ್ಕ ಹುಡುಗ' ಅನ್ನುತ್ತಾರೆ. ಗೇಮಿನ ಫ್ರೆಂಡ್ ಲಿಸ್ಟಿನಲ್ಲಿ ಅರವತ್ತು ಜನ ಇದ್ದಾರೆ, ಒಬ್ಬರಿಗೂ ನನ್ನ ಹೆಸರು ಗೊತ್ತಿಲ್ಲ. ಹೋದ ತಿಂಗಳು ಐದು ದಿನ ಜ್ವರದಲ್ಲಿ ಮಲಗಿದ್ದೆ. ಮನೆ ಓನರ್ ಆಂಟಿ ಗಂಜಿ ಕೊಟ್ಟರು, ಅಷ್ಟೇ. ಮತ್ತೆ ಆಡೋಕೆ ಕೂತಾಗ ನೋಡಿದರೆ ಒಬ್ಬ ಮಾತ್ರ 'ಎಲ್ಲಿ ಹೋಗಿದ್ದೆ ಗುರು, ಕಾಣಲೇ ಇಲ್ಲ' ಅಂತ ಮೆಸೇಜ್ ಹಾಕಿದ್ದ. ಅವನು ಎಲ್ಲಿಯವನೋ ಗೊತ್ತಿಲ್ಲ, ಕನ್ನಡದವನು. ಗೇಮ್ ಬಿಟ್ಟು ಬೇರೆ ಏನಾದರೂ ಶುರು ಮಾಡಿದರೆ ಗೆಳೆಯರು ಸಿಗುತ್ತಾರಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಮ್ಮಾ, ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಗೇಮ್ ಬಿಡಬೇಡ. ಮನಸ್ಸಿಲ್ಲದೆ ಸುಮ್ನೆ ಜಿಮ್ಮಿಗೋ ಚಾರಣಕ್ಕೋ ಸೇರಿಕೊಂಡರೆ ಅಲ್ಲೂ ನೀನು ಮೂಲೆಯಲ್ಲೇ ನಿಂತಿರುತ್ತೀಯ. ಇಷ್ಟದ ಕೆಲಸ ಮಾಡುವಾಗ ಮನುಷ್ಯನ ಮುಖವೇ ಬೇರೆ ಥರ ಇರುತ್ತದೆ. ಗೆಳೆಯರು ಒಲಿಯೋದು ಆ ಮುಖಕ್ಕೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2002ರಿಂದ 2011ರವರೆಗೆ ವಿದ್ಯಾನಗರದಲ್ಲಿ ಒಂದು ಸೈಬರ್ ಕೆಫೆ ನಡೆಸುತ್ತಿದ್ದೆ. ಎಂಟು ಕಂಪ್ಯೂಟರ್, ಡಬ್ಬಾ ಮಾನಿಟರ್, ಗಂಟೆಗೆ 20 ರೂಪಾಯಿ. ಹಗಲು ಹೊತ್ತು ರಿಸಲ್ಟ್ ನೋಡುವವರು, ಅರ್ಜಿ ತುಂಬಿಸುವವರು ಬರುತ್ತಿದ್ದರು. ಸಂಜೆ ಐದಾಯಿತು ಅಂದರೆ ಇಂಜಿನಿಯರಿಂಗ್ ಹುಡುಗರು. ಕೌಂಟರ್ ಸ್ಟ್ರೈಕ್ ಅನ್ನುವ ಶೂಟಿಂಗ್ ಗೇಮ್ ಆಡೋಕೆ. ಎಂಟೂ ಕಂಪ್ಯೂಟರನ್ನು ಕೇಬಲ್‌ನಲ್ಲಿ ಒಂದಕ್ಕೊಂದು ಜೋಡಿಸಿದ್ದೆವು, ಆಟಕ್ಕೆ ಇಂಟರ್ನೆಟ್ಟೇ ಬೇಕಿರಲಿಲ್ಲ. ನಾಲ್ಕು ಜನ ಆ ಕಡೆ, ನಾಲ್ಕು ಜನ ಈ ಕಡೆ. ಡಸ್ಟ್ ಟೂ ಅನ್ನುವ ಮ್ಯಾಪ್ ಬಿಟ್ಟು ಬೇರೆಯದನ್ನು ಮುಟ್ಟುತ್ತಲೇ ಇರಲಿಲ್ಲ. ಕೂಗಾಟ ಎಷ್ಟಿತ್ತೆಂದರೆ ಪಕ್ಕದ ಟೈಲರ್ ಅಂಗಡಿಯವರು ದಿನಾ ಒಮ್ಮೆ ಬಂದು ಬೈದು ಹೋಗುತ್ತಿದ್ದರು.

ಆಗ ಸಂಜೆ ಹೊತ್ತು ಕರೆಂಟ್ ಹೋಗೋದು ಮಾಮೂಲು. ಯುಪಿಎಸ್ ಹತ್ತು ನಿಮಿಷ ಕೀಂ ಕೀಂ ಅನ್ನುತ್ತಿತ್ತು, ಆಮೇಲೆ ಎಲ್ಲ ಕತ್ತಲು. ಹುಡುಗರು 'ಅಯ್ಯೋ' ಅಂತ ಎದ್ದು ಹೊರಗೆ ಬರುತ್ತಿದ್ದರು. ಎದುರಿಗೇ ಮಂಡಕ್ಕಿ ಮಿರ್ಚಿ ಗಾಡಿ. ಆ ಗಾಡಿಯವನ ಗ್ಯಾಸ್ ಲೈಟಿನ ಬೆಳಕಲ್ಲಿ ಎಲ್ಲರೂ ನಿಂತುಕೊಳ್ಳುತ್ತಿದ್ದರು. ಮಾತು ಮೊದಲು ಆಟದ್ದೇ. ಬಾಂಬ್ ಇಟ್ಟವನು ಯಾರು, ಬೆನ್ನ ಹಿಂದೆ ಬಂದು ಹೊಡೆದವನು ಯಾರು. ಎರಡು ಮಿರ್ಚಿ ಒಳಗೆ ಹೋದ ಮೇಲೆ ಬೇರೆ ಮಾತು ಬರುತ್ತಿತ್ತು. ಉಳಿದ ಸಬ್ಜೆಕ್ಟು, ಊರಲ್ಲಿ ಬತ್ತಿದ ಬೋರ್‌ವೆಲ್, ಅಕ್ಕನ ಮದುವೆಗೆ ಆಗದ ದುಡ್ಡು. ನಾನು ಬಾಗಿಲಲ್ಲಿ ಮೇಣದ ಬತ್ತಿ ಹಿಡಿದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

2007ರಲ್ಲಿ ನಾನು ಜನರೇಟರ್ ತಂದೆ. ಆಟ ನಿಲ್ಲುತ್ತಿರಲಿಲ್ಲ, ವ್ಯಾಪಾರ ಜಾಸ್ತಿ ಆಯಿತು. ಒಂದು ವರ್ಷ ಕಳೆದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಹೊಸ ಬ್ಯಾಚಿನ ಹುಡುಗರು ಮೂರು ಮೂರು ಗಂಟೆ ಅಕ್ಕಪಕ್ಕ ಕೂತು ಆಡುತ್ತಾರೆ, ಒಬ್ಬರನ್ನೊಬ್ಬರು ಮಾತ್ರ 'ಏ ಮೂರನೇ ನಂಬರ್', 'ಏ ಆರನೇ ನಂಬರ್' ಅಂತ ಕಂಪ್ಯೂಟರ್ ನಂಬರಿನಿಂದ ಕರೆಯುತ್ತಾರೆ. ಹಳೆಯ ಬ್ಯಾಚಿನವರು ಹಾಗಿರಲಿಲ್ಲ. ಅವರಲ್ಲಿ ಒಬ್ಬ ಈಗ ಇಲ್ಲೇ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಅವನ ತಂದೆ ತೀರಿಕೊಂಡಾಗ ಉಳಿದ ಏಳು ಜನರಲ್ಲಿ ಆರು ಜನ ಬಂದಿದ್ದರು. ಒಬ್ಬ ಪುಣೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ನೇರ ಸ್ಮಶಾನಕ್ಕೇ ಹೋಗಿದ್ದ.

ಎರಡೂ ಬ್ಯಾಚಿನವರದು ಅದೇ ಆಟ, ಅದೇ ಕುರ್ಚಿ. ಹಳಬರಿಗೆ ಕರೆಂಟ್ ಹೋಗುತ್ತಿತ್ತು. ಇದನ್ನು ನಿನಗೆ ಹೇಳಬೇಕು ಅನ್ನಿಸಿತು. ಆಟ ನಿಮ್ಮನ್ನು ಒಂದು ಕಡೆ ಕೂರಿಸುತ್ತದೆ, ಅಷ್ಟೇ. ಗೆಳೆತನ ಆಗೋದು ಆಟ ನಿಂತ ಹತ್ತು ನಿಮಿಷದಲ್ಲಿ. ನಿನ್ನ ಫೋನಿನಲ್ಲಿ ಆ ಹತ್ತು ನಿಮಿಷವೇ ಇಲ್ಲ. ಒಂದು ಮ್ಯಾಚ್ ಮುಗಿದ ಕೂಡಲೇ ಇನ್ನೊಂದಕ್ಕೆ ಬೆರಳು ಹೋಗುತ್ತದೆ. ಹಾಗಾಗಿ ಕರೆಂಟನ್ನು ನೀನೇ ತೆಗೆಯಬೇಕು.

ಹೇಗೆ ಅಂದರೆ, ಆಟದಲ್ಲಿ ನೀನು ಬೇಗ ಸತ್ತೆ ಅಂದುಕೋ. ನಿನ್ನ ಸ್ಕ್ವಾಡಿನ, ಅಂದರೆ ನಾಲ್ಕು ಜನರ ತಂಡದ, ಇನ್ನಿಬ್ಬರು ಬದುಕಿದ್ದಾರೆ. ಆಗ ಎಲ್ಲರೂ ಏನು ಮಾಡುತ್ತಾರೆ? ಲಾಬಿಗೆ, ಅಂದರೆ ಮ್ಯಾಚ್ ಶುರುವಾಗುವ ಮುಂಚಿನ ಸ್ಕ್ರೀನಿಗೆ, ಹೋಗಿ ಹೊಸ ಮ್ಯಾಚ್ ಹಿಡಿಯುತ್ತಾರೆ. ನೀನು ಹೋಗಬೇಡ. ಕೂತು ಅವರ ಆಟ ನೋಡು. 'ಎಡಗಡೆ ಮರದ ಹಿಂದೆ ಒಬ್ಬ ಇದ್ದಾನೆ' ಅಂತ ಹೇಳು. ಚೆನ್ನಾಗಿ ಆಡಿದರೆ ಚೆನ್ನಾಗಿ ಆಡಿದೆ ಅನ್ನು. ತಾನು ಸತ್ತ ಮೇಲೂ ಕೂತು ನಮ್ಮನ್ನು ನೋಡಿದವನು ಯಾರಿಗೆ ಮರೆಯುತ್ತಾನೆ ಹೇಳು? ಹಾಗೆಯೇ ರಾತ್ರಿಯ ಕೊನೆಯ ಮ್ಯಾಚ್ ಹನ್ನೆರಡೂವರೆಗೆ ಬೇಡ, ಹನ್ನೆರಡಕ್ಕೆ ಮುಗಿಸು. ಆಮೇಲೆ ಹದಿನೈದು ನಿಮಿಷ ಲಾಬಿಯಲ್ಲೇ ಮೈಕ್ ಆನ್ ಇಟ್ಟು ಸುಮ್ನೆ ಮಾತಾಡು. ಊಟ ಏನು, ಅಲ್ಲಿ ಮಳೆ ಆಯಿತಾ, ನಾಳೆ ಡ್ಯೂಟಿ ಎಷ್ಟು ಹೊತ್ತಿಗೆ. ಮೊದಮೊದಲು ಮುಜುಗರ ಆಗುತ್ತದೆ. ಆಗಲಿ.

ಇನ್ನು ಆ ಒಬ್ಬ. ಜ್ವರ ಬಿಟ್ಟ ಮೇಲೆ 'ಎಲ್ಲಿ ಹೋಗಿದ್ದೆ ಗುರು' ಅಂತ ಕೇಳಿದವನು. ಅವನ ಬಗ್ಗೆ ನೀನು ಎರಡು ಸಾಲು ಬರೆದು ಮುಂದೆ ಹೋಗಿಬಿಟ್ಟೆ. ನಾನು ಅಲ್ಲೇ ನಿಂತೆ. ಐದು ದಿನ ನಿನ್ನ ಹೆಸರಿನ ಪಕ್ಕದ ಹಸಿರು ದೀಪ ಹತ್ತಲಿಲ್ಲ ಅಂತ ಒಬ್ಬ ಮನುಷ್ಯ ಲೆಕ್ಕ ಇಟ್ಟಿದ್ದಾನೆ. ಅವನಿಗೆ ನೀನು ಏನಂತ ಉತ್ತರ ಕೊಟ್ಟೆ ಅಂತ ಬರೆದಿಲ್ಲ. ಕೊಟ್ಟಿಲ್ಲದಿದ್ದರೆ ಇವತ್ತೇ ಕೊಡು. 'ಜ್ವರ ಬಂದಿತ್ತು, ನೀನು ಕೇಳಿದ್ದು ಖುಷಿ ಆಯಿತು, ನನ್ನ ಹೆಸರು ಇದು, ನಿಂದೇನು' ಅಂತ ಬರೆ. ಅರವತ್ತು ಜನರನ್ನು ಬಿಡು. ಈ ಒಬ್ಬನಿಂದ ಶುರು ಮಾಡು.

ಒಂದು ಲೆಕ್ಕ ಹೇಳುತ್ತೇನೆ, ನೀನು ಲೆಕ್ಕದವನು ಅಲ್ವಾ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವ ಪ್ರಾಧ್ಯಾಪಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿನ್ನ ಹಾಗೆ ಹೊಸ ಊರಿಗೆ ಬಂದವರನ್ನೂ ಅದರಲ್ಲಿ ಕೇಳಿದ್ದರು. ಬರೀ ಪರಿಚಯದವರು ಮೇಲುಮೇಲಿನ ಗೆಳೆಯರಾಗೋಕೆ ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಗೆಳೆಯರಾಗೋಕೆ ಸುಮಾರು 90, ತೀರಾ ಹತ್ತಿರದವರಾಗೋಕೆ 200ಕ್ಕೂ ಹೆಚ್ಚು ಅಂತ ಅವರಿಗೆ ಕಂಡುಬಂತು. ಒಂದೇ ಆಫೀಸಿನಲ್ಲಿ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಸುಮ್ನೆ ಕೂತು ಹರಟಿದ್ದು, ಆಟ ಆಡಿದ್ದು ಲೆಕ್ಕಕ್ಕೆ ಬಂತು. ನೀನು ರಾತ್ರಿಗೆ ಮೂರು ಗಂಟೆ ಆಡುತ್ತೀಯ. ಅದೇ ಮೂವರ ಜೊತೆ ಆಡಿದರೆ ಹದಿನೇಳು ರಾತ್ರಿಗೆ 50 ಗಂಟೆ ದಾಟುತ್ತದೆ. ಆದರೆ ದಿನಾ ರ‍್ಯಾಂಡಮ್ ಸ್ಕ್ವಾಡ್, ಅಂದರೆ ಸಿಕ್ಕಸಿಕ್ಕವರ ತಂಡ, ಹಾಕಿದರೆ ಮೀಟರ್ ದಿನಾ ಸೊನ್ನೆಯಿಂದ ಶುರು. ಎರಡು ವರ್ಷದಿಂದ ನಿನಗೆ ಆಗಿರೋದು ಇದೇ. ವಾರದಲ್ಲಿ ಮೂರು ದಿನ ಗೊತ್ತು ಮಾಡು. ಸೋಮವಾರ, ಬುಧವಾರ, ಶನಿವಾರ ಹತ್ತು ಗಂಟೆಗೆ, ಅದೇ ಜನ. ಯಾರಾದರೂ ಬರದಿದ್ದರೆ ಮಾರನೇ ದಿನ ಯಾಕೆ ಅಂತ ಕೇಳು.

ಪರಿಚಯ ಸ್ವಲ್ಪ ಗಟ್ಟಿ ಆದ ಮೇಲೆ ಫೋನ್ ನಂಬರ್ ತೆಗೆದುಕೋ. ಗೇಮಿನ ಒಳಗಿನ ಗೆಳೆತನಕ್ಕೆ ಒಂದು ಅಪಾಯ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ನಿಷೇಧ ಆಯಿತು. ಅಕ್ಟೋಬರ್ 30ಕ್ಕೆ ಇಲ್ಲಿ ಸರ್ವರ್ ಕೂಡ ನಿಂತಿತು. ನನ್ನ ಅಕ್ಕನ ಮಗ ಆ ರಾತ್ರಿ ಫೋನ್ ಹಿಡಿದು ಸುಮ್ಮನೆ ಕೂತಿದ್ದ. ಒಂದೂವರೆ ವರ್ಷ ಜೊತೆ ಆಡಿದ ಹುಡುಗನೊಬ್ಬ ಇದ್ದ, ಅವನ ನಿಜವಾದ ಹೆಸರೂ ಗೊತ್ತಿರಲಿಲ್ಲ, ಊರೂ ಗೊತ್ತಿರಲಿಲ್ಲ. 2021ರಲ್ಲಿ ಅದರ ಬದಲಿಗೆ ಬಿಜಿಎಂಐ ಬಂದಾಗ ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ. ಇವತ್ತಿಗೂ ಆ ಹುಡುಗನ ಮಾತು ಬಂದರೆ ಇವನ ದನಿ ಸಣ್ಣಗಾಗುತ್ತದೆ.

ಆಫೀಸಿನವರ ಬಗ್ಗೆ. 'ನಾನು ಗೇಮರ್' ಅಂತ ಹೇಳಿದರೆ ಅವರಿಗೆ ಅದು ಅರ್ಥ ಆಗುವ ಮಾತಲ್ಲ. ಬೇರೆ ದಾರಿಯಿಂದ ಹೋಗು. ಕ್ರಿಕೆಟ್ ಮಾತಾಡುವವರಲ್ಲಿ ಒಬ್ಬನಾದರೂ ಫೋನಿನಲ್ಲಿ ಕ್ರಿಕೆಟ್ ಗೇಮ್ ಆಡುತ್ತಿರುತ್ತಾನೆ. ಊಟದ ಹೊತ್ತಲ್ಲಿ ಲೂಡೋ ಕಿಂಗ್ ತೆಗೆದು ಒಂದೇ ಫೋನನ್ನು ಮೇಜಿನ ಮೇಲೆ ಇಟ್ಟರೆ ನಾಲ್ಕು ಜನ ಸೇರುತ್ತಾರೆ. ಅದು ನಮ್ಮ ಪಗಡೆಯ ವಂಶದ್ದೇ, ಯಾರಿಗೂ ಕಲಿಸಬೇಕಿಲ್ಲ. ಚಿಕ್ಕ ಹುಡುಗ ಅಂದವರಿಗೆ ಒಂದು ಮಾತು ಹೇಳಬಹುದು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ (ವಿಡಿಯೋ ಗೇಮ್ ಪಂದ್ಯಗಳಿಗೆ) ಪದಕ ಕೊಟ್ಟಿದ್ದಾರೆ. ಆದರೆ ವಾದ ಮಾಡೋಕೆ ಹೋಗಬೇಡ. ವಾದದಲ್ಲಿ ಗೆದ್ದು ಗೆಳೆಯರನ್ನು ಮಾಡಿಕೊಂಡವರನ್ನು ನಾನು ನೋಡಿಲ್ಲ.

ಒಂದೇ ಒಂದು ಎಚ್ಚರಿಕೆ. ಗೇಮಿನಲ್ಲಿ ಸಿಕ್ಕವನು ದುಡ್ಡು ಕಟ್ಟಿ ಆಡುವ ಆಟಕ್ಕೆ ಕರೆದರೆ, ಸಾಲ ಕೇಳಿದರೆ, ನಿನ್ನ ಐಡಿ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೆ ಮುಗಿಸು. ದುಡ್ಡಿನ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯಿದೆ ನಿಷೇಧಿಸಿದೆ.

ಆ ಹುಡುಗ ಹರಿಹರದವನೋ ರಾಣೆಬೆನ್ನೂರಿನವನೋ ಆಗಿದ್ದರೆ ನಿನ್ನ ಪುಣ್ಯ. ಒಂದು ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗೆ ಕರೆ. ಆಮೇಲೆ ಕುಂದವಾಡ ಕೆರೆಯ ದಂಡೆ ಮೇಲೆ ಒಂದು ಸುತ್ತು ಹಾಕಿ. ಮಾತು ಖಾಲಿ ಆದರೆ ಹೆದರಬೇಡ, ಇಬ್ಬರ ಜೇಬಿನಲ್ಲೂ ಫೋನ್ ಇರುತ್ತದೆ. ಕೆರೆ ಏರಿ ಮೇಲೆ ಕೂತು ಒಂದು ಮ್ಯಾಚ್ ಆಡಿ. ಪಕ್ಕದಲ್ಲೇ ಕೂತು ಆಡೋದು ಎಷ್ಟು ಬೇರೆ ಅಂತ ನಿನಗೇ ಗೊತ್ತಾಗುತ್ತದೆ. ಅವನು ಏನಂದ ಅಂತ ನನಗೆ ಬರೆ. ಕಾಯುತ್ತಿರುತ್ತೇನೆ.

ಪ್ರಶ್ನೆ: ಅಕ್ಕಾ, ನಾನು ಚಿತ್ರದುರ್ಗದವಳು, ಬಿ.ಕಾಂ ಎರಡನೇ ವರ್ಷ. ಫ್ರೀ ಫೈರ್ ಮ್ಯಾಕ್ಸ್ ಚೆನ್ನಾಗಿ ಆಡುತ್ತೇನೆ. ಆದರೆ ಮೈಕ್ ಆನ್ ಮಾಡಿದ ಕೂಡಲೇ ಹುಡುಗಿ ಅಂತ ಗೊತ್ತಾಗಿ ಒಬ್ಬ ನಂಬರ್ ಕೇಳುತ್ತಾನೆ, ಇನ್ನೊಬ್ಬ ಹೋಗಿ ಅಡುಗೆ ಮಾಡು ಅನ್ನುತ್ತಾನೆ. ಒಂದು ವರ್ಷದಿಂದ ಮೈಕ್ ಹಾಕೇ ಇಲ್ಲ. ಹುಡುಗನ ಹೆಸರಿಟ್ಟುಕೊಂಡು ಆಡುತ್ತೇನೆ. ನನ್ನ ಕ್ಲಾಸಿನ ಹುಡುಗಿಯರು ಯಾರೂ ಆಡಲ್ಲ. ಆಟದ ಗೆಳತಿ ಒಬ್ಬಳಾದರೂ ಬೇಕು ಅನಿಸುತ್ತದೆ.
— ಓದುಗಳು, ಚಿತ್ರದುರ್ಗ

ಉತ್ತರ: ತಂಗೀ, ನಿನ್ನ ಪತ್ರ ಓದಿ ಸಂಕಟ ಆಯಿತು. ಇದರಲ್ಲಿ ನಿನ್ನ ತಪ್ಪು ಒಂದು ಚೂರೂ ಇಲ್ಲ. ಕೆಟ್ಟದಾಗಿ ಮಾತಾಡಿದವನನ್ನು ಬ್ಲಾಕ್ ಮಾಡು, ರಿಪೋರ್ಟ್ ಮಾಡು. ಅದಕ್ಕೆ ಎರಡು ಸಲ ಯೋಚಿಸಬೇಡ. ಯಾರಾದರೂ ಹೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮನೆಯಲ್ಲಿ ಒಬ್ಬರಿಗೆ ತೋರಿಸು. 1930ಕ್ಕೆ ಕರೆ ಮಾಡಿದರೆ ಸೈಬರ್ ಅಪರಾಧ ಸಹಾಯವಾಣಿ ಸಿಗುತ್ತದೆ.

ಕ್ಲಾಸಿನಲ್ಲಿ ಯಾರೂ ಆಡಲ್ಲ ಅಂತ ಬರೆದಿದ್ದೀಯ. ನೀನು ಆಡುತ್ತೀಯ ಅಂತ ಅವರಿಗೆ ಗೊತ್ತಾ? ನಿನ್ನ ಹಾಗೆ ಬಚ್ಚಿಟ್ಟುಕೊಂಡು ಆಡುವವಳು ಅಲ್ಲೇ ಎರಡು ಬೆಂಚು ಹಿಂದೆ ಇರಬಹುದು. ನನ್ನ ಕೆಫೆಗೆ ಮಧ್ಯಾಹ್ನ ಎರಡು ಗಂಟೆಗೆ ಒಬ್ಬಳು ಬರುತ್ತಿದ್ದಳು, ಹುಡುಗರು ಬರುವ ಮುಂಚೆ ಎದ್ದು ಹೋಗುತ್ತಿದ್ದಳು. ಏಜ್ ಆಫ್ ಎಂಪೈರ್ಸ್ ಆಡೋಕೆ. ಕೇಳಿದರೆ 'ಪ್ರಾಜೆಕ್ಟ್ ವರ್ಕ್' ಅನ್ನುತ್ತಿದ್ದಳು. ಆಗ ನಾನು ಶನಿವಾರ ಎರಡರಿಂದ ನಾಲ್ಕು ಗಂಟೆ ಹುಡುಗಿಯರಿಗೆ ಮಾತ್ರ ಅಂತ ಬಾಗಿಲಿಗೆ ಚೀಟಿ ಅಂಟಿಸಿದೆ. ಮೊದಲ ವಾರ ಅವಳೊಬ್ಬಳೇ. ಮೂರನೇ ವಾರ ಐದು ಜನ. ಐವರಲ್ಲಿ ಇಬ್ಬರು ಒಂದೇ ಹಾಸ್ಟೆಲಿನವರು, ಇನ್ನೊಬ್ಬಳೂ ಗೇಮ್ ಆಡುತ್ತಾಳೆ ಅಂತ ಇಬ್ಬರಿಗೂ ಅಲ್ಲಿ ತನಕ ಗೊತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ನೀನೂ ಒಂದು ಚೀಟಿ ಅಂಟಿಸು. ಗೆದ್ದ ಮ್ಯಾಚಿನ ಸ್ಕ್ರೀನ್‌ಶಾಟನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕು, ಹುಡುಗಿಯರಿಗೆ ಮಾತ್ರ ಕಾಣುವ ಹಾಗೆ. ಯಾರಾದರೂ ಕೇಳುತ್ತಾರೆ. ಯಾರೂ ಕೇಳದಿದ್ದರೆ ಒಬ್ಬಳಿಗೆ ಕಲಿಸು. ನಮ್ಮ ಅತ್ತೆಯವರು ಚೌಕಾಬಾರ ಕಲಿಸಿದ್ದು ಹಾಗೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ನಾಲ್ಕು ಕವಡೆ ಕೈಗೆ ಕೊಟ್ಟು 'ಹಾಕು' ಅಂದರು. ಮದುವೆಯಾಗಿ ಬಂದ ಹೊಸದು, ನನಗೆ ಆ ಮನೆಯಲ್ಲಿ ಮಾತಾಡೋಕೆ ಯಾರೂ ಇರಲಿಲ್ಲ. ಕಾಯಿ ಹಣ್ಣಾಗುವಷ್ಟರಲ್ಲಿ ಅತ್ತೆಯೇ ಗೆಳತಿ ಆದರು. ಕಲಿಸುವಾಗ ನಿನ್ನ ಜಾಣತನ ತೋರಿಸಬೇಡ, ಅವಳು ಒಂದೆರಡು ಸಲ ಗೆಲ್ಲಲಿ.

ಇಬ್ಬರು ಮೂವರು ಆದಮೇಲೆ ನಿಮ್ಮದೇ ಸ್ಕ್ವಾಡ್. ಆಗ ಮೈಕ್ ಆನ್ ಮಾಡೋಕೆ ಯಾರ ಭಯ? ದೂರದ ಊರಿನವಳು ಯಾರಾದರೂ ಗೇಮಿನಲ್ಲಿ ಸಿಕ್ಕಿ ಭೇಟಿ ಆಗೋಣ ಅಂದರೆ, ಮೊದಲು ವಿಡಿಯೋ ಕಾಲ್‌ನಲ್ಲಿ ಮುಖ ನೋಡು. ಆಮೇಲೆ ಹಗಲು ಹೊತ್ತು, ಜನ ಇರುವ ಕಡೆ ಭೇಟಿ ಆಗು. ಭಾನುವಾರ ಬೆಳಿಗ್ಗೆ ಕೋಟೆಯ ಟಿಕೆಟ್ ಕೌಂಟರ್ ಹತ್ತಿರ ಅಂದರೆ ಸರಿ. ಜೊತೆಗೆ ಒಬ್ಬಳನ್ನು ಕರೆದುಕೊಂಡು ಹೋಗು, ಅಮ್ಮನಿಗೆ ಹೇಳಿ ಹೋಗು. ಓಬವ್ವನ ಕಿಂಡಿ ನೋಡೋಕೆ ಬಂದವರು ನೂರು ಜನ ಸುತ್ತ ಇರುತ್ತಾರೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 15 ವರ್ಷ. ಹೊರಗೆ ಹೋಗಲ್ಲ, ಗೆಳೆಯರೇ ಇಲ್ಲ, ಯಾವಾಗಲೂ ಗೇಮು. ಫೋನ್ ಕಿತ್ತುಕೊಂಡರೆ ಎರಡು ಹೊತ್ತು ಊಟ ಬಿಟ್ಟ. ಏನು ಮಾಡಲಿ?
— ತಾಯಿ, ಹರಿಹರ

ಉತ್ತರ: ಅಮ್ಮಾ, ಮೊದಲು ಒಂದು ಕೆಲಸ ಮಾಡಿ. ಫೋನ್ ವಾಪಸ್ ಕೊಡುವಾಗ 'ನೀನು ಯಾರ ಜೊತೆ ಆಡುತ್ತೀಯಪ್ಪ, ಅವರ ಹೆಸರೇನು' ಅಂತ ಕೇಳಿ. ಬೈಯುವ ದನಿಯಲ್ಲಿ ಬೇಡ. ಗೆಳೆಯರೇ ಇಲ್ಲ ಅಂತ ನೀವು ತಿಳಿದಿದ್ದೀರಿ. ಅವನ ಲೆಕ್ಕದಲ್ಲಿ ನಾಲ್ಕು ಜನ ಇರಬಹುದು, ನಿಮಗೆ ಕಾಣದ ಕಡೆ. ಫೋನ್ ಕಿತ್ತುಕೊಂಡಾಗ ಅವರನ್ನೂ ಕಿತ್ತುಕೊಂಡ ಹಾಗೆ ಅವನಿಗೆ ಅನ್ನಿಸಿರುತ್ತದೆ. ಅವರಲ್ಲಿ ಅವನ ಶಾಲೆಯವರು ಯಾರು ಅಂತ ತಿಳಿದುಕೊಳ್ಳಿ. ಗೊತ್ತೇ ಇಲ್ಲದ ದೊಡ್ಡವರು ಯಾರಾದರೂ ಇದ್ದರೆ ಅದೂ ಹೊರಗೆ ಬರುತ್ತದೆ.

ಜೊತೆಗೆ ಗಮನ ಇಟ್ಟು ನೋಡಿ. ನಿದ್ದೆ ಕೆಟ್ಟಿದೆಯಾ, ಶಾಲೆ ತಪ್ಪಿಸುತ್ತಾನಾ, ತನಗೇ ತೊಂದರೆ ಆಗುತ್ತಿದ್ದರೂ ನಿಲ್ಲಿಸೋಕೆ ಆಗುತ್ತಿಲ್ಲವಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದೆ. ಆದರೆ ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದು ಓದು, ಮನೆ, ಆರೋಗ್ಯ ಎಲ್ಲ ಹಾಳಾಗುತ್ತಿದ್ದರೆ ಮಾತ್ರ ಅದನ್ನು ಹಾಗೆ ಕರೆಯುತ್ತಾರೆ. ಎರಡು ಹೊತ್ತು ಊಟ ಬಿಟ್ಟಿದ್ದು ಸಿಟ್ಟು ಇರಬಹುದು. ಅನುಮಾನ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ಕ್ಲಿನಿಕ್ 2014ರಿಂದ ಇದೆ.

ಮುಂದಿನ ಭಾನುವಾರ ಅವನ ಜೊತೆ ಆಡುವ ಶಾಲೆಯ ಹುಡುಗರನ್ನು ಮನೆಗೆ ಕರೆಯಲಿ. ನಡುಮನೆಯಲ್ಲೇ ಕೂತು ಆಡಲಿ. ಒಂದು ಗಂಟೆ ಆದ ಮೇಲೆ ನೀವು ಒಗ್ಗರಣೆ ಮಂಡಕ್ಕಿ ಮಾಡಿ, ಬಿಸಿ ಮಿರ್ಚಿ ಕರಿದು 'ಬನ್ರಪ್ಪ, ಆರಿ ಹೋಗುತ್ತೆ' ಅಂತ ಕರೆಯಿರಿ. ಎರಡೂ ಕೈಗೆ ಎಣ್ಣೆ ಆದರೆ ಫೋನ್ ತಾನಾಗಿ ಕೆಳಗೆ ಇಳಿಯುತ್ತದೆ. ಮಂಡಕ್ಕಿ ಸ್ವಲ್ಪ ಜಾಸ್ತಿನೇ ಕಲಸಿ. ಆ ವಯಸ್ಸಿನ ಹುಡುಗರು ನಾಲ್ಕು ಜನ ಬಂದರೆ ಎರಡು ಸೇರು ಸಾಲೋದಿಲ್ಲ.